ಚಂದ್ರಮಹಲಿನ ಮುಂಬಾಗಿಲು

ನಮ್ಮೂರಿನಲ್ಲಿ ಕಟ್ಟಡಗಳು ತಮ್ಮ ಮೊದಲ ಕಸುಬನ್ನು ಬಿಡುವುದಿಲ್ಲ. ಹೆಣ್ಣುಮಕ್ಕಳ ಶಾಲೆ ಮೊದಲು ಗರಡಿಮನೆಯಾಗಿತ್ತು. ಅಲ್ಲಿ ಓದಿದ ನಾವೆಲ್ಲ ಪ್ರಾರ್ಥನೆ ಮುಗಿದ ಕೂಡಲೇ ತೊಡೆ ತಟ್ಟಿಕೊಂಡೇ ತರಗತಿಗೆ ಹೋಗುತ್ತಿದ್ದೆವು. ಪುರಸಭೆ ನಡೆಯುವುದು ಹಳೆಯ ನಾಟಕದ ಥಿಯೇಟರಿನಲ್ಲಿ. ಸದಸ್ಯರು ಹೊರಗೆ ಎಷ್ಟೇ ಮೆತ್ತಗಿರಲಿ, ಒಳಗೆ ಕಾಲಿಟ್ಟರೆ ಅವರಿಗೆ ಸಾದಾ ಮಾತು ಬರುವುದಿಲ್ಲ. ಚರಂಡಿಯ ವಿಷಯಕ್ಕೂ ಕೈ ಚಾಚಿ, ದನಿ ನಡುಗಿಸಿ, ಒಮ್ಮೊಮ್ಮೆ ಅತ್ತು, ಆಮೇಲೆ ಹೊರಗೆ ಬಂದು ಒಂದೇ ಬೆಂಚಿನ ಮೇಲೆ ಚಹಾ ಕುಡಿಯುತ್ತಾರೆ. ಇದರಿಂದ ಯಾರಿಗೂ ತೊಂದರೆಯಿಲ್ಲ. ಬೇರೆ ಊರಿನವರು ಮನೆ ಬಾಡಿಗೆಗೆ ಹಿಡಿಯುವಾಗ ನೀರು ಬರುತ್ತದೆಯೇ ಎಂದು ಕೇಳುತ್ತಾರೆ, ನಾವು ಅದರ ಜೊತೆಗೆ ಇಲ್ಲಿ ಮೊದಲೇನಿತ್ತು ಎಂದೂ ಕೇಳುತ್ತೇವೆ.

ನಾನು ಈ ಊರಿನಲ್ಲಿ ಮನೆ ಕಟ್ಟುವವರಿಗೆ ನಕಾಶೆ ತೆಗೆದುಕೊಡುವವಳು. ಹೆಸರು ನೀಲಾಂಬಿಕಾ. ನನ್ನ ಅಪ್ಪ ಗುರುಸಿದ್ದಪ್ಪ ಚಂದ್ರಮಹಲ್ ಹೋಟೆಲಿನ ದೊಡ್ಡ ಅಡಿಗೆಯವರಾಗಿದ್ದರು. ನಾನು ಹುಟ್ಟುವ ಮೊದಲಿನಿಂದಲೂ ಆ ಅಡಿಗೆಮನೆಯೇ ಅವರ ಊರು. ಮನೆಗೆ ಅವರು ಮಲಗಲು ಮಾತ್ರ ಬರುತ್ತಿದ್ದರು, ಬರುವಾಗ ಅಂಗಿಯ ತುಂಬ ಒಗ್ಗರಣೆಯ ಘಮ ಹೊತ್ತು ತರುತ್ತಿದ್ದರು. ಮನೆಯಲ್ಲಿ ಒಂದು ದಿನವೂ ಒಲೆ ಮುಟ್ಟಿದವರಲ್ಲ.

ಚಂದ್ರಮಹಲನ್ನು ಕಟ್ಟಿಸಿದವನು ಒಬ್ಬ ಹತ್ತಿ ವ್ಯಾಪಾರಿ. ಯೌವನದಲ್ಲಿ ಅವನು ಯಾವುದೋ ಪರ ಊರಿಗೆ ಹೋಗಿದ್ದಾಗ ಅಲ್ಲಿ ಯಾರೂ ಬಾಗಿಲು ತೆಗೆಯದ್ದರಿಂದ, ಗಾಡಿಯ ಕೆಳಗೆ ಮಳೆಯಲ್ಲಿ ನೆನೆಯುತ್ತ ಮಲಗಿದ್ದನಂತೆ. ಹಣ ಮಾಡಿದ ಮೇಲೆ ಅವನು ಮೊದಲು ಕಟ್ಟಿಸಿದ್ದು ಈ ಹೋಟೆಲನ್ನು. ಮುಂದೆ ಎತ್ತರದ ಕಂಬಗಳ ಮೊಗಸಾಲೆ. ಕಂಬದ ತಲೆಗಳಲ್ಲಿ ಒಡೆದ ಹತ್ತಿಕಾಯಿಯ ಕೆತ್ತನೆ. ಒಳಗೆ ಹೋದರೆ ಗುಂಡಗಿನ ಹಜಾರ, ಅದರ ಮೇಲೆ ಬಣ್ಣದ ಗಾಜಿನ ಗುಮ್ಮಟ. ಬೆಳಿಗ್ಗೆ ಹೋದವರ ಅಂಗಿ ಕೆಂಪಾಗುತ್ತಿತ್ತು, ಸಂಜೆ ಹೋದವರದು ನೀಲಿ. ಎದುರಿಗೆ ಅರ್ಧಚಂದ್ರದ ಆಕಾರದ ಸಾಗವಾನಿ ಕಟ್ಟೆ, ಅದರ ಹಿಂದೆ ಕೀಲಿಕೈಗಳಿಗೆಂದು ಗೋಡೆಯ ತುಂಬ ಪುಟ್ಟ ಪುಟ್ಟ ಗೂಡುಗಳು. ಪಕ್ಕದಲ್ಲಿ ಮೇಲೆದ್ದ ಮೆಟ್ಟಿಲುಸಾಲು ಅರ್ಧಕ್ಕೆ ಹೋಗಿ, ಮನಸ್ಸು ಬದಲಿಸಿದಂತೆ ಎರಡಾಗಿ ಒಡೆದು, ಎಡಕ್ಕೂ ಬಲಕ್ಕೂ ತಿರುಗಿ ಮೇಲಿನ ಖೋಲಿಗಳಿಗೆ ಹೋಗುತ್ತಿತ್ತು. ಊಟದ ಹಾಲಿನ ಒಂದು ಬದಿಯಲ್ಲಿ ಆಳೆತ್ತರದ ಕನ್ನಡಿಗಳು, ಇನ್ನೊಂದು ಬದಿಯಲ್ಲಿ ವಾದ್ಯದವರು ಕೂರಲೆಂದು ಮರದ ತೊಟ್ಟಿಲಿನಂಥ ಅಟ್ಟ. ಎಲ್ಲಕ್ಕೂ ಹಿಂದೆ ಅಡಿಗೆಮನೆ. ಅದರ ಕಲ್ಲಿನ ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯಲ್ಲಿ ಒಬ್ಬ ಮನುಷ್ಯ ಅಡ್ಡಡ್ಡ ಮಲಗಬಹುದಿತ್ತು.

ಬಸ್ ನಿಲ್ದಾಣದ ಹತ್ತಿರ ಲಾಡ್ಜುಗಳಾದ ಮೇಲೆ ಚಂದ್ರಮಹಲಿಗೆ ಬರುವವರು ಕಡಿಮೆಯಾದರು. ದೂರದ ಊರುಗಳಲ್ಲಿದ್ದ ವ್ಯಾಪಾರಿಯ ಮರಿಮಕ್ಕಳು ಹೋಟೆಲು ಮುಚ್ಚಿ ಕಟ್ಟಡವನ್ನು ಒಂದು ಬ್ಯಾಂಕಿಗೆ ಬಾಡಿಗೆಗೆ ಕೊಟ್ಟರು. ಬ್ಯಾಂಕಿನವರು ಅದನ್ನು ತಮಗೆ ತಕ್ಕಂತೆ ಬದಲಿಸಿಕೊಡಲು ನನ್ನನ್ನು ಕರೆದರು. ಅಷ್ಟು ದೊಡ್ಡ ಕೆಲಸ ನನಗೆ ಅದೇ ಮೊದಲು. ಕುಣಿಯುವಷ್ಟು ಖುಷಿಯಾಗಿತ್ತು. ಗುಮ್ಮಟ ಮುಟ್ಟಬೇಕಿರಲಿಲ್ಲ, ಸಾಗವಾನಿ ಕಟ್ಟೆ ಹಾಗೇ ಕ್ಯಾಶಿಯರನ ಕೌಂಟರ್ ಆಗುತ್ತಿತ್ತು, ಗೂಡುಗಳಿಗೆ ಚೆಕ್ ಪುಸ್ತಕಗಳು, ಊಟದ ಹಾಲಿನಲ್ಲಿ ಗುಮಾಸ್ತರ ಮೇಜುಗಳು, ವಾದ್ಯದವರ ಅಟ್ಟದಲ್ಲಿ ಮ್ಯಾನೇಜರು. ಎಲ್ಲ ಹೇಳಿ ಮಾಡಿಸಿದಂತೆ ಕೂಡಿಬಂತು. ಒಂದೇ ಒಂದು ತೊಡಕು. ತಿಜೋರಿ ಕೋಣೆಗೆ ದಪ್ಪ ಗೋಡೆ, ಒಂದೇ ಬಾಗಿಲು ಇರುವ ಜಾಗ ಬೇಕು. ಇಡೀ ಕಟ್ಟಡದಲ್ಲಿ ಅಂಥದ್ದು ಇದ್ದದ್ದು ಅಡಿಗೆಮನೆಯೊಂದೇ.

ನಾನು ಎರಡು ವಾರ ಬೇರೆ ಜಾಗ ಹುಡುಕಿದೆ. ಸಿಗಲಿಲ್ಲ. ಕೊನೆಗೆ ನಕಾಶೆಯಲ್ಲಿ ಅಪ್ಪನ ಒಲೆಯ ಮೇಲೆ ಗೆರೆ ಎಳೆದು, ಆ ನಕಾಶೆಯನ್ನು ನಾನೇ ಮನೆಗೆ ತಂದು ಅವರ ಮುಂದೆ ಬಿಚ್ಚಿಟ್ಟೆ. ಬೇರೆಯವರಿಂದ ಗೊತ್ತಾಗುವುದು ಬೇಡ ಅನಿಸಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಇದು ಒಲಿ ಅಲ್ಲೇನು?" ಅಂದರು.

"ಹೌದಪ್ಪಾ."

"ಇದರ ಮ್ಯಾಲೆ ಗೆರಿ ಎಳದೀ."

"ಬ್ಯಾರೆ ಕಡೆ ಜಾಗಾ ಇಲ್ಲಪ್ಪಾ. ಭಾಳ ನೋಡಿದೆ."

ಅವರು ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟು, ಅವ್ವನ ಕಡೆಗೆ ತಿರುಗಿ, "ನಿನ್ನ ಮಗಳಿಗೆ ಹೇಳು, ಕಾಗದ ಮಡಿಚಿಡು ಅಂತ, ಊಟಕ್ಕ ಕುಂದ್ರೋ ಜಾಗಾ ಅದು" ಅಂದರು. ಅಂದಿನಿಂದ ಅವರು ನನ್ನ ಜೊತೆ ನೇರವಾಗಿ ಮಾತಾಡಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಪಂಕ್ತಿಯಲ್ಲಿ ಕೂತು, ಎಲ್ಲವನ್ನೂ ಅವ್ವನ ಮೂಲಕ ಹೇಳಿಸುತ್ತಿದ್ದರು. ಅವ್ವ ಮೊದಮೊದಲು ಶ್ರದ್ಧೆಯಿಂದ ಎರಡೂ ಕಡೆಯ ಮಾತು ದಾಟಿಸಿದಳು. ಆಮೇಲಾಮೇಲೆ ತನಗೆ ಬೇಕಾದ್ದನ್ನೂ ಸೇರಿಸತೊಡಗಿದಳು. "ಅಪ್ಪ ಹೇಳ್ತಾರ, ಸಂಜಿಮುಂದ ಬರೋವಾಗ ಬಳಿ ತೊಗೊಂಡು ಬರಬೇಕಂತ, ಹಸಿರವು" ಎನ್ನುವಳು. ಅಪ್ಪ ಕೇಳಿಸಿಯೂ ಕೇಳದವರಂತೆ ರೊಟ್ಟಿ ಮುರಿಯುವರು.

ಕೆಲಸ ಚೆನ್ನಾಗಿಯೇ ಸಾಗಿತು. ಬ್ಯಾಂಕಿನ ಮ್ಯಾನೇಜರಾಗಿ ಬಂದವರು ಸ್ಟೆಲ್ಲಾ ಪಿಂಟೊ, ಕಡಲ ಕಡೆಯವರು. ಗಟ್ಟಿ ಹೆಂಗಸು, ಸಿಮೆಂಟಿನ ಧೂಳಿನಲ್ಲೇ ಕುರ್ಚಿ ಹಾಕಿಕೊಂಡು ಕೂತು ಬಡಗಿಗಳಿಗೂ ಗಾರೆಯವರಿಗೂ ನಗುನಗುತ್ತ ಕೆಲಸ ಹೇಳುವವರು. ನಮ್ಮೂರಿನ ಕಟ್ಟಡಗಳ ವಿಷಯ ಅವರಿಗೆ ಹೇಳಿದಾಗ, "ಹಾಗೆಲ್ಲ ಉಂಟಾ? ಒಳ್ಳೆಯದಾಯ್ತು, ಗಿರಾಕಿಗಳಿಗೆ ಹೋಟೆಲಿಗೆ ಬಂದ ಹಾಗೆ ಆಗಲಿ" ಎಂದು ನಕ್ಕಿದ್ದರು. ನಿಜವಾಗಿಯೂ ಹಾಗೇ ಆಯಿತು. ಬಣ್ಣ ಬಳಿಯುವವರು ಮಧ್ಯಾಹ್ನವಾದರೆ ಸಾಕು, ಹಜಾರದಲ್ಲಿ ಕಾಲು ಚಾಚಿ ಸುಖವಾಗಿ ನಿದ್ದೆ ಹೋಗುತ್ತಿದ್ದರು. ಬಾಕಿ ಕೇಳಲು ಬಂದ ಮರದ ಅಡ್ಡೆಯ ವ್ಯಾಪಾರಿ ಒಳಗೆ ಬಂದವನೇ ಚಪ್ಪಲಿ ಬಿಟ್ಟು, ಮುಖ ತೊಳೆದು, ಬಂದ ಕೆಲಸವನ್ನೇ ಮರೆತು ಹಗುರಾಗಿ ಹೋದ. ಪಿಂಟೊ ಮೇಡಂ ಕೂಡ ಬಂದವರನ್ನೆಲ್ಲ "ಪ್ರಯಾಣ ಹೇಗಾಯ್ತು?" ಎಂದು ಕೇಳಿ, ಕೇಳಿದ್ದಕ್ಕೆ ತಾವೇ ಬೆರಗಾಗುತ್ತಿದ್ದರು.

ತೊಂದರೆ ಶುರುವಾದದ್ದು ಬೀಗ ಹಾಕಿದ ದಿನ. ಮುಂಬಾಗಿಲಿಗೆ ಹೊಸ ಬೀಗ ಹಾಕಿ ಮನೆಗೆ ಹೋದೆವು. ಬೆಳಿಗ್ಗೆ ಬಂದರೆ ಎರಡೂ ಕದಗಳು ಹಾರು ಹೊಡೆದಿದ್ದವು. ಬೀಗ ಒಡೆದಿರಲಿಲ್ಲ, ಕೊಂಡಿಯಲ್ಲಿ ಬಾಯಿ ತೆರೆದುಕೊಂಡು ನೇತಾಡುತ್ತಿತ್ತು. ಮೊಗಸಾಲೆಯಲ್ಲೇ ಇದ್ದ ಕಾವಲಿನವನು ಯಾರೂ ಬಂದಿಲ್ಲವೆಂದು ಆಣೆ ಮಾಡಿದ. ಇನ್ನೊಂದು ಬೀಗ ತಂದೆವು. ಅಗಳಿ ಹಾಕಿಸಿದೆವು. ಕಮ್ಮಾರನನ್ನು ಕರೆಸಿ ಅಡ್ಡಪಟ್ಟಿ ಬಡಿಸಿದೆವು. ಒಂದು ಸಂಜೆ ನಾವಿಬ್ಬರೂ ಬಾಗಿಲ ಮುಂದೆಯೇ ನಿಂತು ಕಾದೆವು. ದೀಪ ಹಚ್ಚುವ ಹೊತ್ತಿಗೆ ಅಗಳಿ ತಾನಾಗಿ ಸರಿಯಿತು, ಬೀಗ ಕಳಚಿತು, ಕದಗಳು ಯಾರಿಗೋ ದಾರಿ ಬಿಡುವಂತೆ ನಿಧಾನವಾಗಿ ತೆರೆದುಕೊಂಡವು.

ಪಿಂಟೊ ಮೇಡಂ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಎಂತ ಮಾಡೂದು ಮಾರಾಯ್ತಿ? ಬೀಗ ಹಾಕ್ಲಿಕ್ಕೆ ಆಗದ ಬ್ಯಾಂಕು ಎಲ್ಲಿಯಾದ್ರೂ ಉಂಟಾ?"

ತಿಜೋರಿಯ ಕಬ್ಬಿಣದ ಬಾಗಿಲು ಬ್ಯಾಂಕಿನವರೇ ತಂದು ಕೂರಿಸಿದ್ದು. ಅದು ಬ್ಯಾಂಕಿನ ಮಾತು ಕೇಳುತ್ತಿತ್ತು, ಮುಚ್ಚೆಂದರೆ ಮುಚ್ಚುತ್ತಿತ್ತು. ಆದರೆ ಹೆಬ್ಬಾಗಿಲೇ ತೆರೆದಿದ್ದರೆ ಅದೊಂದರಿಂದ ಏನಾದೀತು? ಸುದ್ದಿ ಮೇಲಿನವರಿಗೆ ತಲುಪಿತು. ಬಾಗಿಲು ಭದ್ರವಾಗದಿದ್ದರೆ ಬಸ್ ನಿಲ್ದಾಣದ ಹತ್ತಿರದ ಹೊಸ ಮಳಿಗೆಗೆ ಹೋಗುವುದೆಂದು ಅವರು ತಿಳಿಸಿದರು. ಹಾಗಾದರೆ ಮರಿಮಕ್ಕಳು ಚಂದ್ರಮಹಲನ್ನು ಕೆಡವಿ, ಕಂಬ ಬೇರೆ, ಗಾಜು ಬೇರೆ ಮಾಡಿ ಮಾರುವುದಾಗಿ ಮೊದಲೇ ಹೇಳಿದ್ದರು. ಗುಮ್ಮಟಕ್ಕೆ ಗಿರಾಕಿಯನ್ನೂ ನೋಡಿಟ್ಟಿದ್ದರು. ನಾನು ಕೂತು ನಕಾಶೆ ತೆಗೆಯುವ ಅಂಗಡಿಯ ಬಾಗಿಲಿಗೂ ಆಮೇಲೆ ಬೀಗವೇ ಬೀಳುತ್ತಿತ್ತು. ಇದ್ದ ಒಂದು ದೊಡ್ಡ ಕೆಲಸವನ್ನೇ ಕೆಡಿಸಿದವಳ ಕೈಯಲ್ಲಿ ಯಾರು ನಕಾಶೆ ತೆಗೆಸುತ್ತಾರೆ?

ಆ ದಿನಗಳಲ್ಲೇ ಒಂದು ಸಂಜೆ ರಾಜೇಸಾಬರು ಬಂದರು. ವರ್ಷಕ್ಕೊಮ್ಮೆ ಬಂದು ಊರಿನ ಶಾಲೆಗಳ, ಭಜನಾ ಮನೆಗಳ ಹಾರ್ಮೋನಿಯಂ ರಿಪೇರಿ ಮಾಡಿಕೊಟ್ಟು ಹೋಗುವ ಮುದುಕರು ಅವರು. ಹೋಟೆಲು ಮುಚ್ಚಿದ್ದು ಅವರಿಗೆ ಗೊತ್ತಿರಲಿಲ್ಲ. ಸೀದಾ ಒಳಗೆ ಬಂದು, ಹೆಗಲ ಮೇಲಿನ ಪೆಟ್ಟಿಗೆಯನ್ನು ಸಾಗವಾನಿ ಕಟ್ಟೆಯ ಮೇಲಿಟ್ಟು, "ಬೀದಿ ಕಡೆ ಕಿಟಕಿ ಇರೋ ಖೋಲಿ ಖಾಲಿ ಐತೇನ್ರಿ ಬಾಯಾರ?" ಎಂದು ಪಿಂಟೊ ಮೇಡಮ್ಮನ್ನು ಕೇಳಿದರು.

"ಇದು ಈಗ ಬ್ಯಾಂಕು, ಅಜ್ಜ" ಅಂದರು ಮೇಡಂ.

"ಬ್ಯಾಂಕಾತೇನು?" ರಾಜೇಸಾಬರು ಸುತ್ತ ನೋಡಿದರು. "ಆಗ್ಲಿ ಬಿಡ್ರಿ. ಬಾಗಲಾ ತೆರದಿತ್ತಲ್ಲ, ಅದಕ್ಕ ಬಂದೆ."

ಅವರು ಪೆಟ್ಟಿಗೆಯನ್ನು ಮತ್ತೆ ಹೆಗಲಿಗೇರಿಸಿ ಬಾಗಿಲ ಕಡೆ ತಿರುಗಿದರು. ಪಿಂಟೊ ಮೇಡಂ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಮೇಲೆ ಒಂದು ಖೋಲಿಯಲ್ಲಿ ಹಳೆಯ ಮಂಚ ಇನ್ನೂ ಇತ್ತು. ಹೇಗೂ ಒಳಗೆ ಒಂದು ಪೈಸೆಯೂ ಇರಲಿಲ್ಲ. ಅವರಿಗೆ ಹಾಸಿಗೆ ಹಾಸಿಕೊಟ್ಟು, ಬಾಳೆಹಣ್ಣು ಮತ್ತು ಚುರಮುರಿ ತರಿಸಿಕೊಟ್ಟು, ಅಭ್ಯಾಸಕ್ಕೆ ಬೀಗ ಹಾಕಿ ಜಗ್ಗಿ ಮನೆಗೆ ಹೋದೆವು.

ಬೆಳಿಗ್ಗೆ ಬಂದರೆ ಬಾಗಿಲು ಮುಚ್ಚಿತ್ತು. ಪಿಂಟೊ ಮೇಡಂ ನಂಬದೆ ಭುಜ ಕೊಟ್ಟು ನೂಕಿದರು. ಕದ ಮಿಸುಕಲಿಲ್ಲ. ಕೀಲಿ ತಿರುವಿದ ಮೇಲೆಯೇ ತೆರೆಯಿತು. ರಾಜೇಸಾಬರು ಗುಮ್ಮಟದ ಕೆಳಗೆ ಕೆಂಪು ಬೆಳಕಿನಲ್ಲಿ ಕೂತು ಹಾರ್ಮೋನಿಯಂ ಬಿಚ್ಚಿ ಧೂಳು ಊದುತ್ತಿದ್ದರು. "ಚಲೋ ನಿದ್ದಿ ಬಂತ್ರಿ" ಅಂದರು.

ಅವರು ಇನ್ನೊಂದು ರಾತ್ರಿಯೂ ಇದ್ದರು, ಬಾಗಿಲು ಆ ರಾತ್ರಿಯೂ ಭದ್ರವಾಗಿತ್ತು. ಅವರು ಹೋದ ದಿನ ಮತ್ತೆ ಹಾರು ಹೊಡೆಯಿತು. ಆಗ ನಮಗೆ ಅರ್ಥವಾಯಿತು. ಹೋಟೆಲಾಗಿದ್ದಾಗ ಒಳಗೆ ಯಾರಾದರೂ ಒಬ್ಬ ಪ್ರವಾಸಿ ಇದ್ದೇ ಇರುತ್ತಿದ್ದ. ಅವನು ಮಲಗಿದ ಮೇಲೆ ಬಾಗಿಲು ಮುಚ್ಚುತ್ತಿತ್ತು. ಈಗ ಒಳಗೆ ಯಾರೂ ಇಲ್ಲದ್ದರಿಂದ ಅದು ಇನ್ನೂ ಬರುವವರಿಗಾಗಿ ಕಾಯುತ್ತಿತ್ತು, ಅಷ್ಟೆ.

ಹಾಗಾದರೆ ಒಬ್ಬರು ಒಳಗೆ ಮಲಗಿದರಾಯಿತೆಂದು ಕಾವಲಿನವನನ್ನು ಮಲಗಿಸಿ ನೋಡಿದೆವು. ಬಾಗಿಲು ತೆರೆಯಿತು. ಪಿಂಟೊ ಮೇಡಂ ಮಲಗಿದರು, ನಾನು ಮಲಗಿದೆ. ಎರಡು ಸಲವೂ ತೆರೆಯಿತು. ಕೆಲಸಕ್ಕೆ ಬಂದವರನ್ನು ಆ ಬಾಗಿಲು ಲೆಕ್ಕಕ್ಕೇ ಹಿಡಿಯಲಿಲ್ಲ. ಅದಕ್ಕೆ ಬೇಕಾದದ್ದು ಖೋಲಿ ಕೇಳಿಕೊಂಡು ಬಂದ ಅತಿಥಿ. ಅಷ್ಟರಲ್ಲಿ ಬ್ಯಾಂಕಿನ ವಲಯಾಧಿಕಾರಿ ಸಂಪತ್‌ಕುಮಾರ್ ಮರುದಿನವೇ ಬರುತ್ತಾರೆಂದು ಫೋನು ಬಂತು. ಅವರೇ ನಿಂತು ಬೀಗ ಹಾಕಿಸಿ, ಅದಕ್ಕೆ ಅರಗಿನ ಮುದ್ರೆ ಒತ್ತಿ, ಬೆಳಿಗ್ಗೆ ಬಂದು ನೋಡುವವರು. ಮುದ್ರೆ ಉಳಿದಿದ್ದರೆ ಬ್ಯಾಂಕು ಇಲ್ಲಿ, ಇಲ್ಲವಾದರೆ ಬಸ್ ನಿಲ್ದಾಣದ ಮಳಿಗೆಯಲ್ಲಿ. ಪಿಂಟೊ ಮೇಡಂ ಕೂಡಲೇ ತಮ್ಮ ಚಿಕ್ಕಪ್ಪನ ಮಗನಿಗೆ ಫೋನು ಮಾಡಿ, ಮೊದಲ ಬಸ್ಸು ಹಿಡಿದು ಬಾ ಎಂದರು. ಅವನೇ ನಮ್ಮ ಅತಿಥಿಯಾಗುವುದೆಂದು ಮಾತಾಯಿತು.

ಮನೆಗೆ ಹೋಗಿ ಅವ್ವನಿಗೆ ಇದನ್ನೆಲ್ಲ ಹೇಳಿದೆ. ಅಪ್ಪ ಪಡಸಾಲೆಯಲ್ಲಿ ಕೂತು ರೇಡಿಯೋ ಕೇಳುತ್ತಿದ್ದರು. ನಾನು ಕೆಡವುವ ಮಾತು ಎತ್ತಿದಾಗ ರೇಡಿಯೋದ ದನಿ ಸ್ವಲ್ಪ ಸಣ್ಣದಾಯಿತು.

ಮರುದಿನ ಸಂಜೆ ಸಂಪತ್‌ಕುಮಾರ್ ಬಂದರು. ಸಣ್ಣ ಮೀಸೆಯ, ಇಸ್ತ್ರಿ ಮುದುರದ ಮನುಷ್ಯ. ಒಳಗೆ ಬಂದ ಕೂಡಲೇ ಅವರೂ ಕೋಟು ಬಿಚ್ಚಿ, "ಸ್ವಲ್ಪ ಬಿಸಿನೀರು ಸಿಗುತ್ತಾ?" ಎಂದು ಕೇಳಿ, ಕೇಳಿದ್ದಕ್ಕೆ ಗಲಿಬಿಲಿಗೊಂಡು ಮತ್ತೆ ಕೋಟು ಹಾಕಿಕೊಂಡರು. ಗುಮ್ಮಟ ನೋಡಿ, ಕಟ್ಟೆ ನೋಡಿ ಮೆಚ್ಚಿದರು. ಪಿಂಟೊ ಮೇಡಮ್ಮಿನ ಕಣ್ಣು ಮಾತ್ರ ಬೀದಿಯ ಮೇಲಿತ್ತು. ಚಿಕ್ಕಪ್ಪನ ಮಗನ ಬಸ್ಸು ಘಟ್ಟದಲ್ಲಿ ಕೆಟ್ಟು ನಿಂತಿದೆಯೆಂದು ಆಗಷ್ಟೇ ತಿಳಿದಿತ್ತು.

ಸಂಪತ್‌ಕುಮಾರ್ ತಾವೇ ಬೀಗ ಜಡಿದರು. ಅರಗು ಕಾಯಿಸಿ ಮುದ್ರೆ ಒತ್ತಿದರು. ನಾವು ಮೊಗಸಾಲೆಯಲ್ಲಿ ನಿಂತಿದ್ದಂತೆಯೇ ಬೀದಿದೀಪ ಹೊತ್ತಿತು. ಅರಗು ಸೀಳಿತು, ಬೀಗ ಕಳಚಿತು, ಕದಗಳು ಸರಿದವು.

"ಏನಮ್ಮಾ ಇದು?" ಅಂದರು ಅವರು. ಕೋಪಕ್ಕಿಂತ ನಿರಾಸೆಯೇ ಹೆಚ್ಚಿತ್ತು. "ಇಷ್ಟು ಚೆನ್ನಾಗಿರೋ ಕಟ್ಟಡ. ಆದ್ರೆ ನಾನೇನ್ ಮಾಡ್ಲಿ, ಹೇಳಿ."

ಆಗ ಬೀದಿಯ ಆಚೆಯಿಂದ ಅಪ್ಪ ಬರುವುದು ಕಾಣಿಸಿತು. ಮದುವೆಗಳಿಗೆ ಮಾತ್ರ ಉಡುವ ಧೋತರ, ಬಿಳಿ ಟೊಪ್ಪಿಗೆ, ಕೈಯಲ್ಲಿ ನನ್ನದೇ ಹಳೆಯ ಕಾಲೇಜು ಚೀಲ. ಅವರು ಅಷ್ಟು ವರ್ಷ ಆ ಕಟ್ಟಡಕ್ಕೆ ಹೋಗಿ ಬಂದದ್ದೆಲ್ಲ ಹಿತ್ತಿಲಿನ ಸಂದಿಯಿಂದ. ಈಗ ಅವರು ಮೊಗಸಾಲೆಯ ಮೆಟ್ಟಿಲು ಹತ್ತಿ, ನಮ್ಮ ಯಾರ ಮುಖವನ್ನೂ ನೋಡದೆ, ತೆರೆದ ಬಾಗಿಲಿನಿಂದ ಸೀದಾ ಒಳಗೆ ಹೋದರು. ನಾನು ಓಡಿಹೋಗಿ ಕಟ್ಟೆಯ ಹಿಂದೆ ನಿಂತೆ.

ಅಪ್ಪ ಹಜಾರದ ನಡುವೆ ನಿಂತುಬಿಟ್ಟಿದ್ದರು. ಮುಖ ಮೇಲಕ್ಕೆತ್ತಿದ್ದರು. ಸಂಜೆಯ ಕೊನೆಯ ಬೆಳಕು ಗಾಜಿನಿಂದಿಳಿದು ಅವರ ಬಿಳಿ ಟೊಪ್ಪಿಗೆ ನೀಲಿಯಾಗಿತ್ತು. ಅವರು ಕೈ ಚಾಚಿ, ಅಂಗೈ ಮೇಲೆ ಬಿದ್ದ ಬಣ್ಣವನ್ನು ನೋಡಿಕೊಂಡರು. ಆಮೇಲೆ ಕಟ್ಟೆಯ ಬಳಿ ಬಂದು ಚೀಲ ಇಟ್ಟರು.

"ಖೋಲಿ ಐತೇನ್ರಿ?" ಅಂದರು, ನನ್ನನ್ನೇ ನೋಡುತ್ತ.

ಎಷ್ಟು ತಿಂಗಳ ಮೇಲೆ ನನಗೆಂದು ಆಡಿದ ಮಾತು ಅದು. "ಐತ್ರಿ" ಅಂದೆ. "ಬೀದಿ ಕಡೆ ಕಿಟಕಿ ಐತಿ."

ಹಿಂದೆಯೇ ಬಂದ ಸಂಪತ್‌ಕುಮಾರ್, "ಇವರು ಯಾರು? ಬ್ಯಾಂಕಿನೊಳಗೆ ಹೊರಗಿನವರು ಮಲಗೋದಾ?" ಅಂದರು. ಪಿಂಟೊ ಮೇಡಂ ಅವರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ಸರ್, ಇವತ್ತಿಗೆ ಒಳಗೆ ಹಣ ಇಲ್ಲ, ಕಾಗದ ಇಲ್ಲ. ಬರೀ ಗೋಡೆ ಉಂಟು. ಒಂದು ರಾತ್ರಿ ನೋಡುವಾ. ನಾಳೆ ನೀವು ಬೇಡ ಅಂದ್ರೆ ನಾನೇ ಗಂಟು ಕಟ್ತೇನೆ" ಅಂದರು. ಅವರು ಒಮ್ಮೆ ಸೀಳಿದ ಅರಗನ್ನು, ಒಮ್ಮೆ ಗುಮ್ಮಟವನ್ನು ನೋಡಿ, ಆಗಲಿ ಎಂದರು. ಊಟ ಮುಗಿಸಿ ಮತ್ತೆ ಮುದ್ರೆ ಒತ್ತಲು ಬರುವುದಾಗಿ ಹೇಳಿ ತಾವು ಹಿಡಿದಿದ್ದ ಲಾಡ್ಜಿಗೆ ಹೋದರು.

ಮೇಲೆ ಕರೆದುಕೊಂಡು ಹೋಗುವ ಮೊದಲು ಅಪ್ಪ ತಾವಾಗಿ ಊಟದ ಹಾಲಿಗೆ ನಡೆದರು. ಅದರ ಕೊನೆಯಲ್ಲಿ, ಅಡಿಗೆಮನೆ ಇದ್ದಲ್ಲಿ, ಕಬ್ಬಿಣದ ಬಾಗಿಲು. ಅಪ್ಪ ಅದನ್ನು ನೋಡಿದರು. ಹಾಲಿನ ನಡುವೆ, ಗಿರಾಕಿಗಳು ನಿಂತು ಚಲನ್ ಬರೆಯಲೆಂದು ನಾನು ಮಾಡಿಸಿದ ಎತ್ತರದ ಮೇಜಿತ್ತು. ಅವರು ದಣಿವಿಗೆ ಅದರ ಮೇಲೆ ಕೈಯೂರಿದರು. ಊರಿದ ಕೈ ಹಾಗೇ ನಿಂತಿತು. ಆಮೇಲೆ ಆ ಕರಿಯ ಕಲ್ಲಿನ ಮೇಲೆ ಅಂಗೈ ನಿಧಾನವಾಗಿ ಸರಿಯಿತು. ನಡುವಿನ ಸಣ್ಣ ತಗ್ಗಿನಲ್ಲಿ ಹೋಗಿ ಕೂತಿತು.

"ಇದು ನನ್ನ ರೊಟ್ಟಿ ಬಡಿಯೋ ಕಲ್ಲಲ್ಲೇನು?"

"ಹೌದಪ್ಪಾ. ಒಲಿ ತಗಸೋವಾಗ ಒಡೀಲಿಕ್ಕೆ ಮನಸ್ಸಾಗ್ಲಿಲ್ಲ. ಎಲ್ಲಾರೂ ಕೈ ಇಡೋ ಜಾಗಾದಾಗ ಇರ್ಲಿ ಅಂತ ಇಲ್ಲೆ ಕೂಡಿಸಿದೆ."

"ಮತ್ತ ಹೇಳಬೇಕಿಲ್ಲೇನು?"

"ಯಾರಿಗೆ ಹೇಳ್ಲಿ? ನೀವು ನನ್ನ ಕೂಡ ಮಾತೇ ಆಡ್ತಿದ್ದಿಲ್ಲ."

ಅಪ್ಪ ಕಲ್ಲನ್ನು ಇನ್ನೊಮ್ಮೆ ಸವರಿ, "ಎಣ್ಣಿ ಹಚ್ಚಬೇಕಿದಕ್ಕ, ವಾರಕ್ಕೊಮ್ಮೆ. ಇಲ್ಲಂದ್ರ ಬೂದಿ ಬಣ್ಣಕ್ಕ ತಿರಗತೈತಿ" ಅಂದು ಮೆಟ್ಟಿಲ ಕಡೆ ನಡೆದರು. ಮೆಟ್ಟಿಲು ಎರಡಾಗುವಲ್ಲಿ ನಿಂತು, "ಯಾಕಡೆ?" ಎಂದು ಕೇಳಿದರು. ಎಷ್ಟು ಸಾವಿರ ತಾಟುಗಳು ಅವರ ಕೈಯಿಂದ ಆ ಮೆಟ್ಟಿಲು ಹತ್ತಿದ್ದವೋ, ಅವರಿಗೆ ಮಾತ್ರ ದಾರಿ ಗೊತ್ತಿರಲಿಲ್ಲ.

ಖೋಲಿಯಲ್ಲಿ ಅವರು ಮಂಚದ ಮೇಲೆ ಕೂತು, ಎದ್ದು, ಕಿಟಕಿ ತೆರೆದು ಮುಚ್ಚಿ, ಕೊನೆಗೆ ಕುರ್ಚಿಯ ಮೇಲೆ ಕೂತರು. "ಊಟಕ್ಕೇನೈತಿ?"

ಅದನ್ನು ನಾವು ಯೋಚಿಸಿರಲೇ ಇಲ್ಲ. ಪಿಂಟೊ ಮೇಡಂ ಚಹಾಕ್ಕೆಂದು ಇಟ್ಟಿದ್ದ ಸ್ಟವ್ ಒಂದಿತ್ತು. ಪಕ್ಕದ ಖೋಲಿಯಲ್ಲಿ ಅದನ್ನು ಹೊತ್ತಿಸಿ, ಅಂಗಡಿಯಿಂದ ರವೆ, ಉಳ್ಳಾಗಡ್ಡಿ ತರಿಸಿ ಉಪ್ಪಿಟ್ಟಿಗೆ ನಿಂತೆ. ನನಗೆ ಅಡಿಗೆ ಬರುವುದು ಅಷ್ಟಕ್ಕಷ್ಟೆ. ಅಪ್ಪ ಬಾಗಿಲ ಬಳಿಗೆ ಕುರ್ಚಿ ಎಳೆದುಕೊಂಡು ಬಂದು ಕೂತರು.

"ರವಾ ಹುರದೇನು?"

"ಹುರದೇನಿ."

"ಇನ್ನೂ ಹುರಿ. ಬಿಳೇ ಐತಿ ಇನ್ನ."

"ನೀವೇ ಬಂದು ಮಾಡಬಾರದೇನಪ್ಪಾ?"

"ಹೋಟೆಲಿಗೆ ಬಂದಾಂವ ಅಡಿಗಿ ಮಾಡ್ತಾನೇನು? ಬಂದಾಂವ ಕುಂದ್ರತಾನ. ನೀ ನೀರು ಕಾಯಿಸಿ ಹಾಕು, ತಣ್ಣೀರು ಹಾಕಿದ್ರ ಗಂಟಾಗತೈತಿ."

ಅಷ್ಟು ಹೇಳಿದರೂ ಗಂಟಾಯಿತು. ಅಪ್ಪ ತಾಟು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಗಂಟನ್ನು ಬೆರಳಿನಿಂದ ಒಡೆಯುತ್ತ, ಉಪ್ಪು ಹೆಚ್ಚು ಎನ್ನುತ್ತ, ನಿಂಬೆಹಣ್ಣು ಹಿಂಡಿದ್ದರೆ ನಡೆಯುತ್ತಿತ್ತು ಎನ್ನುತ್ತ ಪೂರ್ತಿ ತಿಂದರು. ಎರಡನೇ ಸಲ ಹಾಕಿಸಿಕೊಂಡರು. ಪಿಂಟೊ ಮೇಡಮ್ಮಿಗೂ ಒಂದು ತಾಟು ಕೊಟ್ಟೆ. ಅವರು ತಿಂದು, "ನಮ್ಮ ಕಡೆ ಇದನ್ನು ಗೋಡೆಗೆ ಬಳಿಯುವುದು" ಅಂದರು. ಅಪ್ಪ ಕೆಮ್ಮುವಷ್ಟು ನಕ್ಕರು. ಅವರು ನಗುವುದನ್ನು ನೋಡಿ ಎಷ್ಟು ಕಾಲವಾಗಿತ್ತೆಂದು ನನಗೆ ಆಗಲೇ ಹೊಳೆದದ್ದು. ಹೊರಡುವಾಗ ಅಪ್ಪನಿಗೆ ನೀರಿನ ತಂಬಿಗೆ ಇಟ್ಟು, ಹೊದಿಕೆ ಕೊಟ್ಟು, "ಇನ್ನೇನರ ಬೇಕೇನ್ರಿ?" ಎಂದು ಕೇಳಿದೆ. "ಮುಂಜಾನೆ ಚಹಾ" ಅಂದರು, ಗತ್ತಿನಿಂದ. ಸಂಪತ್‌ಕುಮಾರ್ ಬಂದು ಮತ್ತೆ ಬೀಗ ಜಡಿದು ಮುದ್ರೆ ಒತ್ತಿದರು. ಈ ಸಲ ಕದಗಳು ಅಲುಗಲಿಲ್ಲ.

ಬೆಳಿಗ್ಗೆ ನಾವು ಹೋದಾಗ ಸಂಪತ್‌ಕುಮಾರ್ ಆಗಲೇ ಮೊಗಸಾಲೆಯಲ್ಲಿದ್ದರು. ಲಾಡ್ಜಿನ ತಿಗಣೆಗಳು ಅವರಿಗೆ ನಿದ್ದೆ ಕೊಟ್ಟಿರಲಿಲ್ಲ, ಕುತ್ತಿಗೆ ಕೆರೆದುಕೊಳ್ಳುತ್ತಿದ್ದರು. ಅವರು ಬಗ್ಗಿ ಅರಗು ನೋಡಿದರು. ಮುದ್ರೆಯ ಒಂದು ಗೆರೆಯೂ ಮುಕ್ಕಾಗಿರಲಿಲ್ಲ. ಕದವನ್ನು ಕೈಯಿಂದ ನೂಕಿದರು, ಕಾಲಿನಿಂದ ನೂಕಿದರು. ಆಮೇಲೆ ಕೀಲಿ ತಿರುವಿದರು. ಒಳಗೆ ಅಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿ, ಹಜಾರದ ಸೋಫಾದ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದರು.

"ಚೆನ್ನಾಗಿ ನಿದ್ದೆ ಬಂತಾ?" ಎಂದು ಸಂಪತ್‌ಕುಮಾರ್ ಕೇಳಿದರು. ದನಿಯಲ್ಲಿ ಅಸೂಯೆಯಿತ್ತು.

"ಬಂತ್ರಿ. ಆದ್ರ ಚಹಾ ತಡಾ ಆತು" ಅಂದರು ಅಪ್ಪ.

ಸಂಪತ್‌ಕುಮಾರ್ ಒಂದು ಸುತ್ತು ಹಾಕಿ ಬಂದು, ಮೇಲಿನಿಂದ ಬರುವ ಅಧಿಕಾರಿಗಳಿಗೆ ವಿಶ್ರಾಂತಿ ಕೋಣೆ ಇಡಲು ಬ್ಯಾಂಕಿನಲ್ಲಿ ಅವಕಾಶವಿದೆಯೆಂದೂ, ಅಧಿಕಾರಿಗಳು ಬರದ ದಿನ ಬೇರೆಯವರಿಗೆ ಕೊಡಬಾರದೆಂದು ಎಲ್ಲೂ ಹೇಳಿಲ್ಲವೆಂದೂ ಪಿಂಟೊ ಮೇಡಮ್ಮಿಗೆ ಹೇಳಿದರು. ಮೇಲಿನ ಖೋಲಿಗಳಿಗೂ ಕೆಳಗಿನ ಹಾಲಿಗೂ ನಡುವೆ ಒಂದು ಕಬ್ಬಿಣದ ಜಾಲರಿ ಹಾಕಿಸಲು ನನಗೆ ಹೇಳಿದರು. ಮುಂದಿನ ತಿಂಗಳು ತಾವು ಬಂದಾಗ ಲಾಡ್ಜು ಬೇಡ ಎಂದೂ ಸೇರಿಸಿದರು.

ಬ್ಯಾಂಕು ಶುರುವಾಯಿತು. ಊರಿಗೆ ಒಂದು ಹೊಸ ಅಭ್ಯಾಸವೂ ಆಯಿತು. ಖೋಲಿ ಖಾಲಿ ಬೀಳದಂತೆ ಎಲ್ಲರೂ ನೋಡಿಕೊಂಡರು. ಬೀಗರು ಬಂದರೆ ಅಲ್ಲಿಗೆ ಕಳಿಸಿದರು, ಪರೀಕ್ಷೆಗೆ ಓದಬೇಕಾದವರು ಹೋದರು, ಮನೆಯಲ್ಲಿ ಮಾತು ಬಿಟ್ಟ ಗಂಡಂದಿರು ಚೀಲ ಹಿಡಿದು ಹೋಗಿ ಮರುದಿನ ತಲೆ ತಣ್ಣಗಾಗಿ ಬಂದರು. ಊಟದ ವ್ಯವಸ್ಥೆಗೆ ಬರುತ್ತೀರಾ ಎಂದು ಪಿಂಟೊ ಮೇಡಂ ಅಪ್ಪನನ್ನು ಕೇಳಿದರು. ನಾವೆಲ್ಲ ಹೂಂ ಎನ್ನುತ್ತಾರೆ ಅಂದುಕೊಂಡಿದ್ದೆವು. ಅಪ್ಪ ಒಂದು ದಿನ ಯೋಚಿಸಿ, "ಹುಡುಗರು ಯಾರರ ಬಂದ್ರ ಕಲಿಸ್ತೇನಿ, ನಾ ಕೈ ಹಚ್ಚಂಗಿಲ್ಲ. ಕುಂತು ತಿನ್ನೋದು ಏನಂತ ಈಗ ಗೊತ್ತಾಗೈತಿ" ಅಂದರು.

ಆದರೆ ಇದೆಲ್ಲ ಆಮೇಲಿನದು. ಆ ಬೆಳಿಗ್ಗೆ ನಾನೂ ಅಪ್ಪನೂ ಸಂತೆಯ ದಾರಿಯಿಂದ ಮನೆಗೆ ನಡೆದು ಬಂದೆವು. ದಾರಿಯುದ್ದಕ್ಕೂ ಅವರು ಮಾತಾಡಿದರು. ಹಾಸಿಗೆ ಎಷ್ಟು ಮೆತ್ತಗಿತ್ತು, ಕಿಟಕಿಯಿಂದ ಬೀದಿ ಹೇಗೆ ಕಾಣುತ್ತದೆ, ಬೆಳಿಗ್ಗೆ ಗುಮ್ಮಟದ ಕೆಂಪು ಮೊದಲು ಯಾವ ಕಂಬಕ್ಕೆ ಬೀಳುತ್ತದೆ, ಜಾಲರಿ ಹಾಕಿದರೆ ಮೆಟ್ಟಿಲಿನ ಅಂದ ಕೆಡದಂತೆ ಎಲ್ಲಿ ಹಾಕಬೇಕು, ಹೀಗೆ. ನಡುವೆ ಬದನೆಕಾಯಿ ಕೊಂಡು, ಆರಿಸುವುದು ಹೇಗೆಂದು ನನಗೆ ತೋರಿಸಿದರು. ಮನೆಯ ಮೆಟ್ಟಿಲು ಹತ್ತುವಾಗಲೂ ನಾವು ಜಾಲರಿಯ ವಿಷಯಕ್ಕೆ ವಾದಿಸುತ್ತಲೇ ಇದ್ದೆವು.

ಅವ್ವ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದಳು. ಚೀಲ ತೆಗೆದುಕೊಂಡಳು, ನೀರು ಕೊಟ್ಟಳು. ಅಪ್ಪ ಮತ್ತೆ ಮೊದಲಿನಿಂದ ಹೇಳತೊಡಗಿದರು. ಹಾಸಿಗೆ, ಕಿಟಕಿ, ಕೇಳಿದ ಹೊತ್ತಿಗೆ ಬರುವ ತಾಟು. ಅವ್ವ ಬದನೆಕಾಯಿಗಳನ್ನು ಬುಟ್ಟಿಗೆ ಹಾಕುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಹೇಳಿ ಮುಗಿದ ಮೇಲೆ ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ನೀಲವ್ವಾ, ಈ ಶನಿವಾರಕ್ಕ ಆ ಖೋಲಿ ನನಗ ಹಿಡದು ಬಾ."

"ಆತು, ಇಬ್ಬರೂ ಹೋಗಿ ಬರೂಣು" ಅಂದರು ಅಪ್ಪ, ಖುಷಿಯಿಂದ.

"ಇಬ್ಬರಿಗಲ್ರಿ" ಅಂದಳು ಅವ್ವ. "ಒಬ್ಬಾಕಿಗೆ."

ಶನಿವಾರ ಸಂಜೆ ಅವಳು ತಲೆ ಬಾಚಿ, ಇಳಕಲ್ ಸೀರೆ ಉಟ್ಟು, ಹಿಂದಿರುಗಿಯೂ ನೋಡದೆ ಹೋದಳು. ಸೋಮವಾರ ಮಧ್ಯಾಹ್ನದವರೆಗೆ ಬರಲಿಲ್ಲ. ಆ ಎರಡು ದಿನ ಮನೆಯಲ್ಲಿ ಅಪ್ಪ ಅಡಿಗೆ ಮಾಡಿದರು.